ಸಿಂಗಳೀಕದ ಕಾಡು, ಉಪ್ಪಾಗೆಯ ಹಂಗಾಮು

ಪ್ರಶ್ನೆ: ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ತೋಟಕ್ಕೆ ಸೊಪ್ಪು ತರಲೆಂದು ಅದಕ್ಕೆ ಸೇರಿದ ಕಾಡು, ಅಂದರೆ ಸೊಪ್ಪಿನಬೆಟ್ಟ ಇದೆ. ಮಳೆಗಾಲದಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣು ಕೊಯ್ದು, ಸಿಪ್ಪೆ ಒಣಗಿಸಿ ಮಾರುವುದು ನಮ್ಮ ಕೇರಿಯ ಹಲವು ಮನೆಗಳಿಗೆ ಕೈಕಾಸು. ಸುತ್ತಲಿನ ಕಾಡು ಈಗ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಮಂಗಗಳು ತೋಟದಲ್ಲಿ ಎಳೆಗಾಯಿ ಉಳಿಸದಷ್ಟು ಹೆಚ್ಚಿರುವಾಗ ಮಂಗವೊಂದು ಅಳಿವಿನಂಚಿನಲ್ಲಿದೆ ಎಂದರೆ ನಂಬುವುದು ಹೇಗೆ? ಇಲಾಖೆ ವರ್ಷವೂ ಗಿಡ ನೆಡುತ್ತಿದೆ, ಬೆಟ್ಟವೆಲ್ಲ ಹಸಿರಾಗಿಯೇ ಇದೆ. ಹಾಗಿದ್ದ ಮೇಲೆ ಕೊರತೆ ಯಾವುದು? ಮೃಗಾಲಯದಲ್ಲಿ ಮರಿ ಮಾಡಿಸಿ ತಂದು ಬಿಟ್ಟರಾಗದೆ? ಉಪ್ಪಾಗೆಯನ್ನು ನಾವು ಬಿಡಲೇಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಮೊದಲನೆಯದನ್ನು ಬಿಡಿಸಿಕೊಳ್ಳದೆ ಉಳಿದವು ಬಗೆಹರಿಯುವುದಿಲ್ಲ. ನಿಮ್ಮ ತೋಟಕ್ಕೆ ಇಳಿಯುವ ಮಂಗ ಯಾವುದು? ಬಹುಪಾಲು ಅದು ಕಂದು ಮೈಯ, ಕೆಂಪು ಮೋರೆಯ, ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲು ಬಾಚಿಕೊಂಡಿರುವ, ನಾವು ದಿನನಿತ್ಯ ನೋಡುವ ಮಂಗ. ಉದ್ದ ಬಾಲದ, ಕಪ್ಪು ಮೋರೆಯ ಮುಸುವ ಎರಡನೆಯದು. ಸಿಂಗಳೀಕ ಇವೆರಡೂ ಅಲ್ಲ. ಮೈಯೆಲ್ಲ ಮಿರುಗುವ ಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ, ಮೈಗಿಂತ ಗಿಡ್ಡವಾದ ಬಾಲ, ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು: ಇಷ್ಟು ಕಂಡರೆ ಅದು ಸಿಂಗಳೀಕ. ಕೆಲವು ಕಡೆ ಮುಸುವನನ್ನೇ ಸಿಂಗಳೀಕವೆಂದು ಕರೆಯುವ ರೂಢಿ ಇರುವುದರಿಂದ ಈ ಗೊಂದಲ ಹಳೆಯದು. ಹಲಸು ಹಣ್ಣಾಗುವ ಕಾಲದಲ್ಲಿ ಕಾಡಿಗೆ ತಾಗಿಕೊಂಡ ತೋಟದ ಅಂಚಿಗೆ ಸಿಂಗಳೀಕ ಬರುವುದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೋಟದೊಳಗೆ ಬಿಡಾರ ಹೂಡಿ ಎಳೆಗಾಯಿ ಉದುರಿಸುವುದು ಅದರ ಜಾಯಮಾನವಲ್ಲ. ಸಾಮಾನ್ಯ ಮಂಗ ಮಾಡಿದ ಹಾನಿಯ ಸಿಟ್ಟನ್ನು ಸಿಂಗಳೀಕದ ಮೇಲೆ ತೀರಿಸಿಕೊಂಡರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ಸಾಮಾನ್ಯ ಮಂಗ ಊರು, ಪೇಟೆ, ದೇವಸ್ಥಾನ, ಬಸ್ ನಿಲ್ದಾಣ ಎಲ್ಲೆಂದರಲ್ಲಿ ಬದುಕಬಲ್ಲದು. ಸಿಂಗಳೀಕವಾದರೋ ಜಗತ್ತಿನಲ್ಲಿ ಪಶ್ಚಿಮ ಘಟ್ಟವೊಂದನ್ನು ಬಿಟ್ಟು ಬೇರೆಲ್ಲಿಯೂ ಕಾಡುಪ್ರಾಣಿಯಾಗಿ ಇಲ್ಲ. ತಮಿಳುನಾಡಿನ ಕಳಕ್ಕಾಡು ಬೆಟ್ಟಗಳಿಂದ ಹಿಡಿದು ನಿಮ್ಮ ಅಘನಾಶಿನಿ ಕಣಿವೆಯವರೆಗೆ, ಅಲ್ಲೊಂದು ಇಲ್ಲೊಂದು ತುಂಡುಕಾಡುಗಳಲ್ಲಿ, ಎಲ್ಲ ಸೇರಿ ಸುಮಾರು ನಾಲ್ಕು ಸಾವಿರದ ಒಳಗೇ ಇವೆ ಎಂಬುದು ಈಗಿನ ಅಂದಾಜು. ಅವುಗಳಲ್ಲಿ ಮರಿ ಹಾಕುವ ಪ್ರಾಯಕ್ಕೆ ಬಂದವು ಎರಡೂವರೆ ಸಾವಿರಕ್ಕಿಂತ ಕಡಿಮೆ. ಇದರ ನಡುವೆ ನಿಮ್ಮ ಸೀಮೆಯ ಮಹತ್ವವನ್ನು ಗಮನಿಸಬೇಕು. ಬಹುಕಾಲ ಸಿಂಗಳೀಕದ ಮುಖ್ಯ ನೆಲೆಗಳೆಲ್ಲ ಕೇರಳ ಮತ್ತು ತಮಿಳುನಾಡಿನಲ್ಲಿವೆ ಎಂದೇ ವಿಜ್ಞಾನಿಗಳು ಭಾವಿಸಿದ್ದರು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಮಳೆಕಾಡುಗಳಲ್ಲಿ ಸಮೀಕ್ಷೆ ನಡೆಸಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ರೂಪುಗೊಳ್ಳುವುದರ ಹಿಂದೆ ಆ ಕೆಲಸವೂ ಇತ್ತು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್.ಎನ್. ಕುಮಾರ ಅವರು ಶಿರಸಿ–ಹೊನ್ನಾವರ ಕಾಡುಗಳಲ್ಲಿ ನಡೆದಾಡಿ ಎಣಿಸಿದಾಗ 32 ಗುಂಪುಗಳು, ಆರುನೂರಕ್ಕೂ ಮೇಲ್ಪಟ್ಟು ಪ್ರಾಣಿಗಳು ಲೆಕ್ಕಕ್ಕೆ ಸಿಕ್ಕವು. ಅಂದರೆ ಜಗತ್ತಿನ ಒಟ್ಟು ಸಿಂಗಳೀಕಗಳಲ್ಲಿ ಹೆಚ್ಚುಕಡಿಮೆ ಆರರಲ್ಲೊಂದು ನಿಮ್ಮ ಮನೆಯ ಹಿಂದಿನ ಬೆಟ್ಟದಲ್ಲಿದೆ. ಅದೂ ರಾಷ್ಟ್ರೀಯ ಉದ್ಯಾನವಾಗಿರದಿದ್ದ, ಊರುಗಳ ನಡುವೆ ಇದ್ದ, ಜನ ನಿತ್ಯ ಬಳಸುತ್ತಿದ್ದ ಕಾಡಿನಲ್ಲಿ.

ಇಷ್ಟೊಂದು ಇಲ್ಲಿ ಏಕೆ ಉಳಿದವು ಎಂಬುದಕ್ಕೆ ಒಂದು ಸರಳ ಉತ್ತರವಿದೆ. ನಿಮ್ಮ ಕಡೆಯ ಜನ ಮಂಗವನ್ನು ತಿನ್ನುವುದಿಲ್ಲ. ಹನುಮನ ಕುಲವೆಂದು ಕೈಯೆತ್ತುವುದೂ ಕಡಿಮೆ. ಕೊಡಗಿನ ಕೆಲವು ಕಾಡುಗಳಲ್ಲಿ ಮರಗಳು ಇಲ್ಲಿಗಿಂತ ದಟ್ಟವಾಗಿ ನಿಂತಿದ್ದರೂ ಬೇಟೆಯ ದೆಸೆಯಿಂದ ಸಿಂಗಳೀಕ ತೀರಾ ವಿರಳವಾಗಿದೆ. ಅಭಯಾರಣ್ಯದ ಫಲಕ ನೆಡುವುದಕ್ಕೆ ಎಷ್ಟೋ ಕಾಲ ಮೊದಲೇ ಈ ಪ್ರಾಣಿಯನ್ನು ಕಾಯ್ದವರು ನಿಮ್ಮ ಹಿರಿಯರು ಎಂದು ನಾನು ಹೇಳುವುದು ಮುಖಸ್ತುತಿಗಲ್ಲ. ಮುಂದೆ ಉಪ್ಪಾಗೆಯ ಮಾತು ಬರುವಾಗ ಇದು ನೆನಪಿನಲ್ಲಿರಲಿ.

ಆರುನೂರು ಎಂಬುದು ದೊಡ್ಡ ಸಂಖ್ಯೆಯಂತೆ ಕೇಳಿಸಬಹುದು. ಆದರೆ ಈ ಪ್ರಾಣಿಯ ಸಂತಾನದ ಲೆಕ್ಕ ನೋಡಿದರೆ ಧೈರ್ಯ ಬರುವುದಿಲ್ಲ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಆರೂವರೆ ವರ್ಷ ಆಗಿರುತ್ತದೆ. ಗರ್ಭದ ಅವಧಿ ಸುಮಾರು ಆರು ತಿಂಗಳು, ಹುಟ್ಟುವುದು ಒಂದೇ ಮರಿ. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡೂವರೆ, ಮೂರು ವರ್ಷದ ಅಂತರ. ಜೀವಮಾನದಲ್ಲಿ ಒಂದು ಹೆಣ್ಣು ಹೆತ್ತರೆ ಐದು ಮರಿ ಹೆತ್ತೀತು, ಅವೆಲ್ಲ ಉಳಿಯುತ್ತವೆ ಎಂದೇನಿಲ್ಲ. ಹದಿನೈದು ಇಪ್ಪತ್ತು ಪ್ರಾಣಿಗಳ ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಪ್ರಾಯದ ಗಂಡು ಒಂದೇ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿದರೆ, ಬೆಳೆದ ಗಂಡು ಮನೆ ಬಿಟ್ಟು ಬೇರೆ ಗುಂಪು ಹುಡುಕಿಕೊಂಡು ಹೋಗಬೇಕು. ಹೋಗುವ ದಾರಿ ಮುಚ್ಚಿದರೆ ಗುಂಪುಗಳ ನಡುವೆ ರಕ್ತ ಬೆರೆಯುವುದು ನಿಲ್ಲುತ್ತದೆ. ಆಗ ಸಂಖ್ಯೆ ಕಾಗದದ ಮೇಲೆ ಹಾಗೆಯೇ ಇರುತ್ತದೆ, ಒಳಗೆ ಸವೆತ ಮಾತ್ರ ಶುರುವಾಗಿರುತ್ತದೆ.

ಆ ದಾರಿ ಇರುವುದು ನೆಲದ ಮೇಲಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಬೆಟ್ಟ ಹಸಿರಾಗಿದ್ದೂ ಕೊರತೆ ಏನು ಎಂಬುದಕ್ಕೆ, ಉತ್ತರ ಇಲ್ಲಿದೆ. ಒಮ್ಮೆ ಕತ್ತಲೆಕಾನಿನ ಹತ್ತಿರ, ಜುಲೈ ತಿಂಗಳ ಒಂದು ಬೆಳಗಿನಲ್ಲಿ, ಮಳೆ ಹೊಳವಾದ ಅರ್ಧ ಗಂಟೆಯ ಸಂದಿನಲ್ಲಿ ಒಂದು ಗುಂಪು ತಲೆಯ ಮೇಲೆ ಹಾದುಹೋಗುವುದನ್ನು ನಿಂತು ನೋಡಿದ್ದೆ. ಮೊದಲು ಕೊಂಬೆಗಳಿಂದ ನೀರು ಉದುರಿತು, ಆಮೇಲೆ ಪ್ರಾಣಿ ಕಂಡಿತು. ಒಂದು ಹೆಣ್ಣು ಬೈನೆಯ ಗೊನೆಗೆ ಜೋತುಬಿದ್ದು ಹಣ್ಣುಗಳನ್ನು ಒಂದೊಂದಾಗಿ ಕಿತ್ತು ದವಡೆಯ ಚೀಲಕ್ಕೆ ತುಂಬಿಕೊಂಡಿತು. ಕೆನ್ನೆ ಎರಡೂ ಅಡಿಕೆ ಹಾಕಿಕೊಂಡ ಹಿರಿಯರ ಕೆನ್ನೆಯಂತೆ ಉಬ್ಬಿದವು. ಅದರ ಹೊಟ್ಟೆಗೆ ಅಂಟಿಕೊಂಡ ಮರಿಗೆ ಇನ್ನೂ ಕೇಸರ ಮೂಡಿರಲಿಲ್ಲ, ಮುಖ ತಿಳಿಗೆಂಪಾಗಿತ್ತು. ಇನ್ನೊಂದು, ಒಣಗಿದ ಕೊಂಬೆಯ ತೊಗಟೆಯನ್ನು ಬೆರಳಲ್ಲಿ ಎಬ್ಬಿ ಒಳಗಿನ ಹುಳ ಹುಡುಕುತ್ತಿತ್ತು. ಇಡೀ ಗುಂಪು ಸುಮಾರು ಮುಕ್ಕಾಲು ಗಂಟೆಯಲ್ಲಿ ಕಣಿವೆಯ ಈಚೆಯಿಂದ ಆಚೆಗೆ ಸಾಗಿತು, ಒಂದೂ ನೆಲ ಮುಟ್ಟಲಿಲ್ಲ. ಹಳ್ಳದ ಮೇಲೆ ಎರಡು ದೊಡ್ಡ ಮರಗಳ ಕೊಂಬೆಗಳು ಕೈಕೈ ಹಿಡಿದಂತೆ ಕೂಡಿದ್ದ ಒಂದೇ ಜಾಗದಲ್ಲಿ ಎಲ್ಲವೂ ಸಾಲಾಗಿ ದಾಟಿದವು. ಆ ಎರಡರಲ್ಲಿ ಒಂದು ಮರ ಹೋಗಿದ್ದರೆ ಅವು ಎಷ್ಟು ದೂರ ಸುತ್ತಬೇಕಾಗುತ್ತಿತ್ತೋ ನಾನು ಅಳೆದಿಲ್ಲ. ಆದರೆ ಕಾಡಿನ ಆರೋಗ್ಯವನ್ನು ಎಕರೆಗೆ ಎಷ್ಟು ಮರ ಎಂದು ಎಣಿಸುವ ಪದ್ಧತಿಯ ಮೇಲೆ ನನಗಿದ್ದ ನಂಬಿಕೆ ಅಂದಿಗೆ ಸಡಿಲವಾಯಿತು.

ಒಂದು ಗುಂಪು ಒಂದರಿಂದ ಐದು ಚದರ ಕಿಲೋಮೀಟರ್ ಕಾಡಿನಲ್ಲಿ ವರ್ಷವಿಡೀ ತಿರುಗುತ್ತದೆ. ತಿರುಗುವುದು ಹವ್ಯಾಸಕ್ಕಲ್ಲ, ಎಲ್ಲ ತಿಂಗಳಲ್ಲಿಯೂ ಎಲ್ಲ ಕಡೆ ಹಣ್ಣು ಇರುವುದಿಲ್ಲವೆಂದು. ಘಟ್ಟದ ದಕ್ಷಿಣ ಭಾಗದಲ್ಲಿ ಕಲ್ಲೇನಿಯಾ ಎಂಬ ಒಂದು ಮರ ಹೂವಿನಲ್ಲೂ ಬೀಜದಲ್ಲೂ ಸಿಂಗಳೀಕವನ್ನು ತಿಂಗಳುಗಟ್ಟಲೆ ಸಾಕುತ್ತದೆ. ನಿಮ್ಮಲ್ಲಿ ಆ ಮರವಿಲ್ಲ. ಇಲ್ಲಿ ಆ ಭಾರವನ್ನು ಅತ್ತಿ–ಗೋಳಿಯ ಜಾತಿಗಳು, ಬೈನೆ, ಹೆಬ್ಬಲಸು, ನೇರಳೆ, ರಾಮಪತ್ರೆಯ ಬಳಗ, ಉಪ್ಪಾಗೆ ಇವೆಲ್ಲ ಹಂಚಿಕೊಂಡು ಹೊರುತ್ತವೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹಣ್ಣಾಗಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಆ ತಿಂಗಳು ಉಪವಾಸ. ಬೋಳುಗುಡ್ಡದ ಮೇಲೆ ಇಲಾಖೆ ನೆಟ್ಟ ಅಕೇಶಿಯಾ ದೂರದಿಂದ ಹಸಿರಾಗಿಯೇ ಕಾಣುತ್ತದೆ, ಸೌದೆಯ ಒತ್ತಡವನ್ನು ಕಾಡಿನಿಂದ ತನ್ನ ಮೇಲೆ ಎಳೆದುಕೊಂಡು ಉಪಕಾರವನ್ನೂ ಮಾಡಿದೆ. ಸಿಂಗಳೀಕಕ್ಕೆ ಮಾತ್ರ ಅದರಲ್ಲಿ ತಿನ್ನಲು ಏನೂ ಇಲ್ಲ. ಹಸಿರು ಎಂಬ ಮಾತೊಂದರಲ್ಲೇ ನಿತ್ಯಹರಿದ್ವರ್ಣದ ಕಾನು, ರಬ್ಬರ್ ತೋಟ, ಅಕೇಶಿಯಾ ನೆಡುತೋಪು ಮೂರನ್ನೂ ತುಂಬಿಸಿಬಿಟ್ಟಿರುವುದು ನಮ್ಮ ವರದಿಗಳ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಮೇಲಿನ ದಾರಿ ತುಂಡಾದರೆ ಏನಾಗುತ್ತದೆ ಎಂಬುದನ್ನು ನೋಡಬೇಕೆಂದರೆ ತಮಿಳುನಾಡಿನ ವಾಲ್ಪಾರೈಗೆ ಹೋಗಬೇಕು. ಆನೆಮಲೆಯ ಈ ಪ್ರಸ್ಥಭೂಮಿಯಲ್ಲಿ ಬ್ರಿಟಿಷರ ಕಾಲದಿಂದಲೂ ಚಹಾ ಬೆಳೆದು, ಮಳೆಕಾಡು ಚಹಾದ ಸಮುದ್ರದಲ್ಲಿ ದ್ವೀಪಗಳಂತೆ ಉಳಿಯಿತು. ಪುದುತೋಟ್ಟಂ ಎಂಬ ಎಸ್ಟೇಟಿನ ಅಂಥದೊಂದು ತುಂಡಿನಲ್ಲಿ ಸಿಕ್ಕಿಕೊಂಡ ಸಿಂಗಳೀಕಗಳು ಸಾಯಲಿಲ್ಲ, ಬದಲಾಗಿ ಸಂಖ್ಯೆಯಲ್ಲಿ ಹೆಚ್ಚಿದವು. ಕೇಳಲು ಸಂತೋಷದ ಸುದ್ದಿ. ಆದರೆ ಮರದಿಂದ ಇಳಿಯದ ಪ್ರಾಣಿ ಅಲ್ಲಿ ನೆಲದ ಮೇಲೆ ಓಡಾಡಲು ಕಲಿಯಿತು, ರಸ್ತೆ ದಾಟುವಾಗ ವಾಹನಕ್ಕೆ ಸಿಕ್ಕಿ ಸತ್ತಿತು, ಮನೆಗಳ ಹೆಂಚು ತೆಗೆದು ಅಡುಗೆಮನೆಗೆ ಇಳಿಯಿತು, ಕಸದ ತೊಟ್ಟಿಗೆ ಕೈ ಹಾಕಿತು. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಅರಣ್ಯ ಇಲಾಖೆ ಮತ್ತು ಎಸ್ಟೇಟಿನವರ ಜೊತೆ ಸೇರಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ. ಪ್ರಾಣಿಗಳು ಅದನ್ನು ಬಳಸುತ್ತಿವೆ. ಅದೇ ಸಂಸ್ಥೆಯ ದಿವ್ಯಾ ಮುದ್ದಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ಅವರು 2000ದ ದಶಕದ ಆರಂಭದಿಂದ ಲಂಟಾನ ಕಿತ್ತು, ಸ್ಥಳೀಯ ಮಳೆಕಾಡಿನ ಹತ್ತಾರು ಜಾತಿಯ ಸಸಿಗಳನ್ನು ಬೆರೆಸಿ ನೆಟ್ಟು, ತುಂಡುಕಾಡುಗಳನ್ನು ಚೇತರಿಸಿಕೊಳ್ಳುವಂತೆ ಮಾಡುತ್ತಿದ್ದಾರೆ. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಅಷ್ಟು ವರ್ಷ, ಅಷ್ಟು ಹಣ, ಅಷ್ಟು ಬೆವರು ಹಾಕಿ ಅಲ್ಲಿ ಹೊಲಿಯುತ್ತಿರುವ ಬಟ್ಟೆ ನಿಮ್ಮಲ್ಲಿ ಇನ್ನೂ ಹರಿದೇ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಹರಿಯುವ ಸಂದರ್ಭಗಳು ಬಂದಿಲ್ಲವೆಂದಲ್ಲ. ಪ್ಲೈವುಡ್‌ಗೆ, ರೈಲಿನ ಸ್ಲೀಪರ್‌ಗೆ ಮರ ಕಡಿದ ಕಾಲದಲ್ಲಿ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಲಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಸಿಂಗಳೀಕ ಎಂಬ ಹೆಸರು ಅಂದು ಯಾರ ಬಾಯಲ್ಲೂ ಮುಖ್ಯವಾಗಿ ಬಂದಂತಿಲ್ಲ. ಅವರಿಗೆ ನೀರು, ಜೇನು, ಸೊಪ್ಪು, ಮೆಣಸಿನ ಬಳ್ಳಿಯ ಆಸರೆ ಮುಖ್ಯವಾಗಿದ್ದವು. ಅಘನಾಶಿನಿ ಇಂದಿಗೂ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ನದಿ. ಪಕ್ಕದ ಶರಾವತಿಯಲ್ಲಿ 1964ರ ಲಿಂಗನಮಕ್ಕಿಯಿಂದ ಮೊದಲ್ಗೊಂಡು ಮುಳುಗಿದ ಕಣಿವೆಗಳ ಕಥೆಯನ್ನು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಈಗ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗಿಳಿಸಿ 2,000 ಮೆಗಾವ್ಯಾಟ್ ವಿದ್ಯುತ್ ಪಡೆಯುವ ಯೋಜನೆಯ ಪ್ರಸ್ತಾವವಿದೆ, ಅದು ಸಿಂಗಳೀಕ ಅಭಯಾರಣ್ಯದ ಒಳಗೇ ಬರುತ್ತದೆ. ಸುರಂಗ ನೆಲದಡಿ ಹೋಗುವುದರಿಂದ ಕಾಡಿಗೆ ಹೆಚ್ಚಿನ ಧಕ್ಕೆ ಇಲ್ಲವೆಂಬ ವಾದವನ್ನು ನೀವೂ ಕೇಳಿರಬಹುದು. ಸುರಂಗದ ಬಾಯಿಗೆ ರಸ್ತೆ ಬೇಕು, ಅಗೆದ ಕಲ್ಲುಮಣ್ಣು ಸುರಿಯಲು ಜಾಗ ಬೇಕು, ವಿದ್ಯುತ್ತನ್ನು ಹೊರಗೊಯ್ಯಲು ತಂತಿಮಾರ್ಗ ಬೇಕು. ಇವು ಮೂರೂ ನೆಲದ ಮೇಲಿನವು. ಎಷ್ಟು ಹೆಕ್ಟೇರ್ ಎಂಬುದಕ್ಕಿಂತ ಎಲ್ಲಿ ಎಂಬುದನ್ನು ಕೇಳಬೇಕು: ಉದ್ದುದ್ದಕ್ಕೆ ಸಾಗುವ ಒಂದು ಕಿರಿದಾದ ಪಟ್ಟಿ ಎರಡು ಗುಂಪುಗಳ ನಡುವಿನ ಮೇಲ್ಛಾವಣಿಯನ್ನು ಸೀಳಿದರೆ, ಒಂದೆಡೆ ಗುಡ್ಡೆಯಾಗಿ ಹೋದ ಅದಕ್ಕಿಂತ ದೊಡ್ಡ ಜಾಗಕ್ಕಿಂತಲೂ ಹೆಚ್ಚು ಕೆಡುಕು ಮಾಡುತ್ತದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ದೀರ್ಘ ಹೋರಾಟದ ನಂತರ ಕೈಬಿಟ್ಟು, 1984ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದಾಗ ಜನಮನದಲ್ಲಿ ನಿಂತ ಮುಖ ಇದೇ ಸಿಂಗಳೀಕದ್ದು. ಆ ಕಾಡು ಇಂದು ನಿಂತಿದೆ, ಕೇರಳ ಕತ್ತಲಲ್ಲೇನೂ ಇಲ್ಲ.

ಮೃಗಾಲಯದ ಪ್ರಶ್ನೆಗೆ ಹೆಚ್ಚು ಮಾತು ಬೇಡ. ಸಿಂಗಳೀಕ ಸೆರೆಯಲ್ಲಿ ಮರಿ ಹಾಕುತ್ತದೆ, ನಮ್ಮ ದೇಶದಲ್ಲೂ ಹೊರಗೂ ಕೆಲವು ಮೃಗಾಲಯಗಳು ಅದನ್ನು ಯೋಜನಾಬದ್ಧವಾಗಿ ಮಾಡುತ್ತಿವೆ. ಅದು ಕೊನೆಯ ಉಳಿತಾಯದ ಖಾತೆ ಇದ್ದಂತೆ, ಇರಲಿ. ಆದರೆ ಯಾವ ತಿಂಗಳು ಯಾವ ಕಣಿವೆಯಲ್ಲಿ ಯಾವ ಮರ ಹಣ್ಣಾಗುತ್ತದೆ ಎಂಬ ತಿಳಿವಳಿಕೆ ತಾಯಿಯ ಬೆನ್ನಿಂದ ಮರಿಗೆ ಬರುವಂಥದ್ದು, ಪಂಜರದಲ್ಲಿ ಹುಟ್ಟಿದ್ದಕ್ಕೆ ಅದನ್ನು ಕಲಿಸುವವರಿಲ್ಲ. ಒಳ್ಳೆಯ ಕಾಡಿರುವ ಕಡೆ ಈಗಾಗಲೇ ಗುಂಪುಗಳಿವೆ, ಹೊರಗಿನದನ್ನು ಅವು ಸೇರಿಸಿಕೊಳ್ಳುವುದು ಸುಲಭವಲ್ಲ. ಕಾಡು ಕೆಟ್ಟಿರುವ ಕಡೆ ತಂದು ಬಿಟ್ಟು ಫಲವಿಲ್ಲ.

ತೋಟಕ್ಕೆ ಬರುವ ಸಾಮಾನ್ಯ ಮಂಗಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅವನ್ನು ಹಿಡಿಸಿ ಲಾರಿಯಲ್ಲಿ ತುಂಬಿ ಘಟ್ಟದ ಕಾಡಿಗೆ ಬಿಟ್ಟುಬರುವ ರೂಢಿ ಮಲೆನಾಡಿನ ಹಲವು ಕಡೆ ಇದೆ. ಬಿಟ್ಟವರ ಊರಿಗೆ ನಾಲ್ಕು ತಿಂಗಳ ನೆಮ್ಮದಿ, ಬಿಡಿಸಿಕೊಂಡ ಊರಿಗೆ ಹೊಸ ಕಾಟ. ಅದಕ್ಕಿಂತ ಮುಖ್ಯವಾಗಿ, ಊರಮಂಗಗಳು ಜನರಿಂದಲೂ ಜಾನುವಾರುಗಳಿಂದಲೂ ಅಂಟಿಸಿಕೊಂಡ ರೋಗಗಳನ್ನು ಹೊತ್ತು ಸಿಂಗಳೀಕದ ನೆಲೆಗೆ ಹೋಗುತ್ತವೆ, ಅದೇ ಹಣ್ಣಿಗೆ ಪೈಪೋಟಿಯನ್ನೂ ಹೂಡುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಕಂಡ ನಿಮಗೆ, ಅದನ್ನು ಹರಡುವ ಉಣುಗು ಮತ್ತು ಮಂಗ ಎರಡನ್ನೂ ಊರಿಂದೂರಿಗೆ ಸಾಗಿಸುವುದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಗೇರುಸೊಪ್ಪದಿಂದ ಮಲೆಮನೆಯತ್ತ ಏರುವ ಘಟ್ಟದ ತಿರುವುಗಳಲ್ಲಿ ಪ್ರವಾಸಿಗರು ಕಾರು ನಿಲ್ಲಿಸಿ ಬಾಳೆಹಣ್ಣು, ಚಿಪ್ಸು ಎಸೆಯುವುದು ಇದೇ ಜಾತಿಯ ಇನ್ನೊಂದು ಕೇಡು. ಇಂದು ರಸ್ತೆಗಿಳಿದು ಕೈಯೊಡ್ಡಿದ್ದು ನಾಳೆ ಟೈರಿನಡಿ ಸಿಗುತ್ತದೆ.

ಇನ್ನು ಉಪ್ಪಾಗೆ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಇದೇ ನಿಜವಾಗಿ ನಿಮ್ಮ ಕೈಯಲ್ಲಿರುವುದರಿಂದ. ನಿಮ್ಮ ಹಿರಿಯರ ಕಾಲಕ್ಕೆ ಉಪ್ಪಾಗೆ ಮನೆಯ ಬಳಕೆಯ ವಸ್ತು. ಸಿಪ್ಪೆಯಿಂದ ಹುಳಿ, ಬೀಜದಿಂದ ಉಪ್ಪಾಗೆ ತುಪ್ಪ. 1990ರ ದಶಕದಲ್ಲಿ, ಮೈ ತೂಕ ಇಳಿಸುವ ಮಾತ್ರೆಗಳಿಗೆ ಇದರ ಹುಳಿಯಂಶ ಬೇಕೆಂದು ವಿದೇಶಗಳಿಂದ ಬೇಡಿಕೆ ಬಂದು ಬೆಲೆ ಏರಿದ ಮೇಲೆ ಚಿತ್ರವೇ ಬದಲಾಯಿತು. ಕಾಡಿನ ಮರ ಯಾರದೂ ಅಲ್ಲ, ಮೊದಲು ಹೋದವನದು. ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ದುಬಿಡುತ್ತಾರೆಂಬ ಭಯಕ್ಕೆ ಕಾಯಿ ಹಸಿರಿರುವಾಗಲೇ ದೋಟಿ ಹಾಕುವುದು, ದೋಟಿಗೆ ಎಟುಕದಿದ್ದರೆ ಕೊಂಬೆಯನ್ನೇ ಕಡಿದು ಕೆಡಹುವುದು ಶುರುವಾಯಿತು. ಕಾಯಿ ಬಿಡದ ಗಂಡುಮರ ಯಾವ ಲೆಕ್ಕಕ್ಕೆ ಎಂದು ಅದನ್ನು ಸೌದೆಗೆ ಕಡಿದರು. ಗಂಡುಮರವಿಲ್ಲದೆ ಹೆಣ್ಣುಮರ ಕಾಯಿ ಕಟ್ಟುವುದು ಹೇಗೆಂದು ಯೋಚಿಸುವ ವ್ಯವಧಾನ ಇರಲಿಲ್ಲ. ಹಂಗಾಮು ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಬಿಸಿಲೇ ಇಲ್ಲದ ಕಾಲದಲ್ಲಿ. ಹೀಗಾಗಿ ಸಿಪ್ಪೆಯನ್ನು ಹಗಲಿರುಳು ಬೆಂಕಿಯ ಮೇಲಿನ ತಟ್ಟಿಯಲ್ಲಿ ಒಣಗಿಸಬೇಕು, ಅದಕ್ಕೆ ಬೇಕಾದ ಸೌದೆಯೂ ಅದೇ ಕಾಡಿನದು.

ಆದರೆ ಈ ಹಣ್ಣಿನ ರಚನೆಯನ್ನೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಿಮಗೆ ಬೇಕಾದದ್ದು ಹೊರಗಿನ ದಪ್ಪ, ಹುಳಿ ಸಿಪ್ಪೆ. ಸಿಂಗಳೀಕಕ್ಕೆ ಆ ಸಿಪ್ಪೆ ಬೇಡ, ಅದಕ್ಕೆ ಬೇಕಾದದ್ದು ಬೀಜಕ್ಕಂಟಿದ ಸಿಹಿಹುಳಿ ತಿರುಳು. ಹಳದಿ ತಿರುಗಿ ಮಾಗಿದ ಹಣ್ಣನ್ನು ಅದು ಒಡೆದು ತಿರುಳನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಕೆಳಗೆ ಬಿಡುತ್ತದೆ, ಬೀಜವನ್ನು ಸ್ವಲ್ಪ ದೂರ ಹೋಗಿ ಉಗುಳುತ್ತದೆ, ಉಗುಳಿದ ಕಡೆ ಸಸಿಯೇಳುತ್ತದೆ. ಹೀಗೆ ಒಂದೇ ಹಣ್ಣಿನಲ್ಲಿ ಇಬ್ಬರಿಗೂ ಪಾಲಿದೆ. ಜಗಳ ಹುಟ್ಟುವುದು ಎಳೆಗಾಯಿ ಕೊಯ್ದಾಗ ಮಾತ್ರ. ಎಳೆಗಾಯಿಯ ಸಿಪ್ಪೆ ಒಣಗಿಸಿದರೆ ತೂಕವೂ ಬರುವುದಿಲ್ಲ, ಬಣ್ಣವೂ ಚೆನ್ನಾಗಿರುವುದಿಲ್ಲ, ವ್ಯಾಪಾರಿ ಅದಕ್ಕೆ ಕೊಡುವ ಬೆಲೆಯೂ ಕಡಿಮೆ. ಹಾಗಾಗಿ ‘ಇಂಥ ದಿನದ ಮೊದಲು ಯಾರೂ ದೋಟಿ ಎತ್ತಬಾರದು’ ಎಂಬ ಒಂದು ಕಟ್ಟುಪಾಡನ್ನು ಊರು ತಾನೇ ಹಾಕಿಕೊಂಡರೆ ಮಂಗಕ್ಕೂ ಮನೆಗೂ ಒಟ್ಟಿಗೆ ಅನುಕೂಲ. ಒಬ್ಬರೇ ಪಾಲಿಸಿದರೆ ಅದು ದಡ್ಡತನವಾಗುತ್ತದೆ, ಕೇರಿಯೆಲ್ಲ ಪಾಲಿಸಿದರೆ ನಿಯಮವಾಗುತ್ತದೆ.

ಕಾನೂನಿನ ತೊಡಕನ್ನೂ ಬಿಡಿಸಿ ಹೇಳಬೇಕು. 2011ರಲ್ಲಿ ನಿಮ್ಮ ಸೀಮೆಯ 299.52 ಚದರ ಕಿಲೋಮೀಟರ್ ಕಾಡನ್ನು ಘೋಷಿಸಿದ್ದು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು. ಸಂರಕ್ಷಣಾ ಮೀಸಲಿನಲ್ಲಿ ಜನರ ಹಕ್ಕುಗಳು ಹಾಗೆಯೇ ಉಳಿಯುತ್ತವೆ, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೆ ಸ್ಥಾನವಿರುತ್ತದೆ. 2019ರಲ್ಲಿ ಇದನ್ನೂ ಶರಾವತಿ ಕಣಿವೆಯ ಹಳೆಯ ಅಭಯಾರಣ್ಯವನ್ನೂ ನಡುವಿನ ಮೀಸಲು ಅರಣ್ಯವನ್ನೂ ಕೂಡಿಸಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ಕಾಡಿನ ಅಖಂಡತೆಯ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ಆದರೆ ಅಭಯಾರಣ್ಯವಾದೊಡನೆ ವನ್ಯಜೀವಿ ಕಾಯ್ದೆಯ 29ನೇ ವಿಧಿ ಅನ್ವಯವಾಗುತ್ತದೆ. ಅದರ ಪ್ರಕಾರ ತೆಗೆದ ಅರಣ್ಯ ಉತ್ಪನ್ನ ಸುತ್ತಲಿನವರ ಸ್ವಂತ ಬಳಕೆಗೆ ಆದೀತೇ ಹೊರತು ಮಾರಾಟಕ್ಕಲ್ಲ. ಇನ್ನೊಂದೆಡೆ 2006ರ ಅರಣ್ಯ ಹಕ್ಕು ಕಾಯ್ದೆ ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕನ್ನು ಮಾನ್ಯ ಮಾಡುತ್ತದೆ, ಅದು ಅಭಯಾರಣ್ಯದ ಒಳಗೂ ಅನ್ವಯಿಸುತ್ತದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿದ್ದಕ್ಕೆ ಪುರಾವೆ ಕೊಡಬೇಕು. ನಿಮ್ಮ ಊರಿನಲ್ಲಿ ಸಮುದಾಯ ಹಕ್ಕಿನ ಅರ್ಜಿ ಹಾಕಿದ್ದಾರೆಯೇ, ಅದು ಗ್ರಾಮಸಭೆಯಲ್ಲಿದೆಯೇ ಉಪವಿಭಾಗ ಮಟ್ಟದಲ್ಲಿದೆಯೇ ಎಂದು ಮೊದಲು ವಿಚಾರಿಸಿ. ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಸಂಗ್ರಹವನ್ನು ಪೂರ್ತಿ ನಿಷೇಧಿಸಿ ಅದನ್ನು ರಾತ್ರಿಯ ಕಳ್ಳಕೆಲಸವಾಗಿ ಮಾಡುವುದಕ್ಕಿಂತ, ಹಕ್ಕನ್ನು ಒಪ್ಪಿ ಹಣ್ಣಾದ ಮೇಲೆ ಮಾತ್ರ, ಕೊಂಬೆ ಕಡಿಯದೆ ಎಂಬ ಷರತ್ತು ಹಾಕುವುದು ಸಿಂಗಳೀಕಕ್ಕೆ ಹೆಚ್ಚು ಹಿತ. ಮಂಗವನ್ನು ಇಷ್ಟು ಕಾಲ ಕೊಲ್ಲದೆ ಉಳಿಸಿದ ಜನರನ್ನು ಅದರ ವೈರಿಗಳನ್ನಾಗಿ ಮಾಡಿಕೊಳ್ಳುವುದು ಜಾಣತನವಲ್ಲ.

ನಿಮ್ಮ ಸೊಪ್ಪಿನಬೆಟ್ಟವಂತೂ ಈ ತಕರಾರಿನ ಹೊರಗೆ ಸಿಗುವ ಅವಕಾಶ. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ನಿಮ್ಮದು. ಈ ಲೆಕ್ಕದಲ್ಲಿ ಜಿಲ್ಲೆಯ ಬೆಟ್ಟಗಳನ್ನೆಲ್ಲ ಕೂಡಿಸಿದರೆ ಅದೇ ಒಂದು ದೊಡ್ಡ ಕಾಡು. ಮರದ ತಲೆ ಪೂರ್ತಿ ಸವರಿ ಕಂಬದಂತೆ ನಿಲ್ಲಿಸಿದ ಬೆಟ್ಟಗಳಲ್ಲಿ ಸಿಂಗಳೀಕಕ್ಕೆ ದಾರಿಯಿಲ್ಲ. ಬೆಟ್ಟ ಕಾನಿಗೆ ತಾಗುವ ಅಂಚಿನಲ್ಲಿ ಮೂವತ್ತು ನಲವತ್ತು ಅಡಿ ಅಗಲಕ್ಕೆ ಸೊಪ್ಪು ಕಡಿಯುವುದನ್ನು ನಿಲ್ಲಿಸಿ, ಉದುರಿದ ಒಣ ಎಲೆ, ಅಂದರೆ ದರಕನ್ನು ಮಾತ್ರ ಗುಡಿಸಿಕೊಂಡರೆ ಮರಗಳು ಮತ್ತೆ ಹೆಣೆದುಕೊಳ್ಳುತ್ತವೆ. ಅದೇ ಪಟ್ಟಿಯಲ್ಲಿ ಉಪ್ಪಾಗೆಯ ಕಸಿಗಿಡ ನೆಟ್ಟರೆ ಕೆಲವೇ ವರ್ಷಗಳಲ್ಲಿ ಕೊಯ್ಲು ಸಿಗುತ್ತದೆ, ಮೊದಲು ಹೋದವನದು ಎಂಬ ಓಟವೂ ಇರುವುದಿಲ್ಲ. ಕಸಿಯ ವಿಚಾರಕ್ಕೆ ಶಿರಸಿಯ ಅರಣ್ಯ ಮಹಾವಿದ್ಯಾಲಯವನ್ನು ಕೇಳಬಹುದು. ನಡುನಡುವೆ ಒಂದೆರಡು ಬೈನೆ, ಒಂದು ಅತ್ತಿ ತಾನಾಗಿ ಎದ್ದರೆ ಕೀಳಬೇಡಿ. ಒಣಗಿಸುವ ಒಲೆಯನ್ನು ಮನೆಮನೆಗೆ ಒಂದೊಂದು ಹೂಡುವ ಬದಲು ನಾಲ್ಕೈದು ಮನೆ ಸೇರಿ, ಸುತ್ತ ಗೋಡೆ ಕಟ್ಟಿ ಬಿಸಿ ಹೊರಗೆ ಹೋಗದಂತೆ ಮಾಡಿದ ಒಂದು ಗೂಡನ್ನು ಬಳಸಿದರೆ ಸೌದೆ ಗಣನೀಯವಾಗಿ ಉಳಿಯುತ್ತದೆ.

ಇದಿಷ್ಟನ್ನೂ ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಇಡುವುದಾದರೆ ಏಪ್ರಿಲ್ ಒಳಗೆ ಇಡಿ. ಮೇ ತಿಂಗಳಲ್ಲಿ ಮೊದಲ ದೋಟಿ ಕಾಡಿಗೆ ಹೋದ ಮೇಲೆ ಆ ವರ್ಷದ ಮಾತು ಮುಗಿದಂತೆ. ಸಭೆಗೆ ಮೊದಲು ನೀವೇ ಒಂದು ಸಲ ಬೆಟ್ಟದ ಅಂಚಿನುದ್ದಕ್ಕೂ ಮೇಲೆ ನೋಡುತ್ತ ನಡೆದು, ಹಳ್ಳದ ಮೇಲೆ, ಕಾಲುದಾರಿಯ ಮೇಲೆ, ಪಂಚಾಯಿತಿ ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆಗಳು ಇನ್ನೂ ಕೂಡಿರುವ ಜಾಗಗಳು ಎಷ್ಟಿವೆಯೆಂದು ಗುರುತು ಹಾಕಿಕೊಂಡರೆ, ರಸ್ತೆ ಅಗಲ ಮಾಡುವವರು ಬಂದಾಗ ಯಾವ ಮರವನ್ನು ಬಿಡಿ ಎಂದು ಬೆರಳು ತೋರಿಸಿ ಹೇಳಲು ಅನುಕೂಲವಾಗುತ್ತದೆ.